ಬೆಳಗಾವಿಯ ಖಡಕ್ ಚಹಾ, ಖಾನಾಪುರದ ಮಜ್ಜಿಗೆ ಹುಲ್ಲು

ಬೆಳಗಾವಿಯಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಶುಂಠಿಯೋ ಏಲಕ್ಕಿಯೋ ಹಾಕಿ ಚೆನ್ನಾಗಿ ಕುದಿಸಿದ್ದು. ಅದಕ್ಕೆ ಬಳಸುವುದು ಹೆಚ್ಚಾಗಿ ಸಿಟಿಸಿ ಪುಡಿ. ಹಲ್ಲುಗಳಿರುವ ಉರುಳೆಗಳ ನಡುವೆ ಎಲೆಯನ್ನು ನುರಿಸಿ, ಹರಿದು, ಕಾಳಾಗಿಸುವ ಈ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಆರಂಭವಾಯಿತು. ಕಾಳು ಬೇಗ ಬಣ್ಣ ಬಿಡುತ್ತದೆ, ಹಾಲು ಬೆರೆತರೂ ಸಪ್ಪೆಯಾಗುವುದಿಲ್ಲ. ಅಸ್ಸಾಮಿನ ಪುಡಿ ಖಡಕ್, ನೀಲಗಿರಿಯದು ಘಮಘಮ; ಎರಡನ್ನೂ ಬೆರೆಸಿದರೆ ಮೂರನೆಯದೇ ರುಚಿ.

ಮಲಪ್ರಭೆ ಹುಟ್ಟುವ ಕಣಕುಂಬಿಯಿರುವ ಖಾನಾಪುರ ತಾಲ್ಲೂಕಿನಲ್ಲಿ ಮಳೆ ಜಾಸ್ತಿ; ಚಹಾಕ್ಕೆ ಹಾಕುವ ಮಜ್ಜಿಗೆ ಹುಲ್ಲಿಗೆ ಹೇಳಿ ಮಾಡಿಸಿದ ಹವೆ. ಮರಾಠಿ ಮನೆಗಳಲ್ಲಿ ಇದೇ ‘ಗವತಿ ಚಹಾ’. ಇದು ಚಹಾ ಗಿಡವೇ ಅಲ್ಲ, ಹುಲ್ಲು. ನಿಂಬೆಯ ವಾಸನೆ ಕೊಡುವುದು ಅದರಲ್ಲಿರುವ ಸಿಟ್ರಾಲ್. ಬೇರು ಸಹಿತ ಒಂದು ಬುಡ ನೆಟ್ಟರೆ ಹಬ್ಬುತ್ತದೆ. ಹಾಗಾಗಿ ಈ ರುಚಿ ಅಂಗಡಿಗಿಂತ ಹಿತ್ತಲಿನಿಂದ ಹಿತ್ತಲಿಗೆ ದಾಟುವುದೇ ಸುಲಭ.

ಡಾರ್ಜಿಲಿಂಗ್ ಎಲೆ, ಗ್ರೀನ್ ಟೀಗಳನ್ನು ಮಾತ್ರ ಊರಿನ ರೂಢಿಯಂತೆ ಕುದಿಸಬಾರದು, ಒಗರಾಗುತ್ತವೆ. ಗ್ರೀನ್ ಟೀಗೆ ಸುಮಾರು 80 ಡಿಗ್ರಿಯ ನೀರು, ಎರಡು ಮೂರು ನಿಮಿಷ ಸಾಕು. ಹೊಸ ಪುಡಿ ತಂದವರು ಮೊದಲ ಗುಟುಕನ್ನಾದರೂ ಸಕ್ಕರೆಯಿಲ್ಲದೆ ಕುಡಿದು ನೋಡಲಿ.