ಎರಡೆರಡಾಗಿ ಕಾಣುವ ನಾಣ್ಯ: ಭಾಗ್ಯವೋ, ಬರೀ ಅಲುಗಾಟವೋ?

ಲುಲೆಯೊದಲ್ಲಿ ಬೆಳೆಯುವ ನಮ್ಮ ಮಕ್ಕಳ ಕೈಗೆ ನಾಣ್ಯ ಸಿಗುವುದೇ ಅಪರೂಪ. ಅಂಗಡಿಯಲ್ಲಿ ಕಾರ್ಡು, ಗೆಳೆಯರ ನಡುವೆ ಸ್ವಿಶ್. ಹಾಗಾಗಿ ಲೋಪಿಸ್‌ನ ಹಳೆ ಡಬ್ಬಿಯಲ್ಲಿ ಸಿಕ್ಕ ಕ್ರೋನಾ, ಊರಿಂದ ಬರುವಾಗ ಪರ್ಸಿನಲ್ಲೇ ಉಳಿದ ಎರಡು ರೂಪಾಯಿ ಅವರಿಗೆ ನಿಧಿಯಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದ ಮಗು "ಇದರಲ್ಲಿ ಅಂಕಿ ಎರಡೆರಡು ಇದೆ!" ಎಂದು ಕೂಗಿದರೆ, ಅದರ ಹಿಂದೆಯೇ "ಎಷ್ಟು ದುಡ್ಡು ಬರುತ್ತೆ?" ಎಂಬ ಪ್ರಶ್ನೆಯೂ ಬರುತ್ತದೆ.

ಹೆಚ್ಚಿನ ಸಲ ಉತ್ತರ: ಏನೂ ಇಲ್ಲ. ಆದರೆ ಏಕೆ ಇಲ್ಲ ಎಂಬುದನ್ನು ಮಗುವಿಗೆ ಕಣ್ಣಾರೆ ತೋರಿಸಬಹುದು.

ಸಂಕ್ರಾಂತಿಯ ಅಚ್ಚಿನಿಂದ ಶುರು ಮಾಡಿ

ಸಕ್ಕರೆ ಅಚ್ಚು ಮಾಡುವುದನ್ನು ಮಗು ನೋಡಿದ್ದರೆ ಅರ್ಧ ಪಾಠ ಮುಗಿದಂತೆ. ಮರದ ಅಚ್ಚಿನಲ್ಲೇ ಗಿಣಿಗೆ ಎರಡು ಕೊಕ್ಕು ಕೆತ್ತಿದ್ದರೆ, ಅದರಲ್ಲಿ ಹೊಯ್ದ ಪ್ರತಿ ಗಿಣಿಗೂ ಎರಡು ಕೊಕ್ಕು. ಬಿಡಿಸುವಾಗ ಕೈ ಅಲುಗಿ ಕೊಕ್ಕು ಸವರಿಹೋದರೆ ಕೆಟ್ಟದ್ದು ಆ ಒಂದು ಗಿಣಿ ಮಾತ್ರ.

ನಾಣ್ಯದಲ್ಲೂ ಇದೇ ವ್ಯತ್ಯಾಸ. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚನ್ನು ತಯಾರಿಸುವಾಗಲೇ ಚಿತ್ರ ಸ್ವಲ್ಪ ಸರಿದು ಎರಡು ಸಲ ಮೂಡಿದರೆ ಅದು 'ಡಬಲ್ಡ್ ಡೈ'. ಸಂಗ್ರಾಹಕರು ಹುಡುಕುವುದು ಇದನ್ನೇ. ಅಚ್ಚು ಸರಿಯಾಗಿದ್ದು, ಯಂತ್ರದಲ್ಲಿ ಸಡಿಲವಾಗಿ ಕೂತು, ಹೊಡೆತ ಬಿದ್ದ ಕ್ಷಣದಲ್ಲಿ ಅಲುಗಿದರೆ ಅದು 'ಸ್ಟ್ರೈಕ್ ಡಬ್ಲಿಂಗ್'. ಇದು ಎಲ್ಲ ದೇಶಗಳ ನಾಣ್ಯಗಳಲ್ಲೂ ಧಾರಾಳವಾಗಿ ಸಿಗುತ್ತದೆ, ಇದಕ್ಕೆ ಹೆಚ್ಚಿನ ಬೆಲೆಯಿಲ್ಲ.

ನಿಜವಾದ ಡಬಲ್ಡ್ ಡೈಗೆ ಹೆಸರಾದ ಉದಾಹರಣೆ ಅಮೆರಿಕದ 1955ರ ಲಿಂಕನ್ ಸೆಂಟ್. ಇಸವಿ, ಅಕ್ಷರ ಎರಡೂ ಬರಿಗಣ್ಣಿಗೇ ಎರಡೆರಡಾಗಿ ಕಾಣುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಸರಿಯಾದವುಗಳ ಜೊತೆ ಬೆರೆತು ಫಿಲಡೆಲ್ಫಿಯಾದಿಂದ ಹೊರಬಿದ್ದವು. ಚೆನ್ನಾಗಿ ಉಳಿದ ಒಂದು ಇಂದು ಸಾವಿರ ಡಾಲರ್ ದಾಟುತ್ತದೆ.

ನೋಡುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಮೇಜಿನ ದೀಪ ಸಾಕು. ಡಿಸೆಂಬರಿನ ಲುಲೆಯೊದಲ್ಲಿ ಬಿಸಿಲಿಗಂತೂ ಕಾಯುವಂತಿಲ್ಲ! ದೀಪ ಓರೆಯಾಗಿ ಬೀಳಲಿ. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಮೂರು ಪ್ರಶ್ನೆ ಕೇಳಿ.

• ಎರಡನೆಯ ಗೆರೆ ಹೇಗಿದೆ? ಮೊದಲನೆಯದರಂತೆ ಉಬ್ಬಿ, ದುಂಡಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಚಪ್ಪಟೆಯಾಗಿ, ಮೆಟ್ಟಿಲಿನಂತೆ ಕೆಳಗಿದ್ದು ಫಳಫಳ ಹೊಳೆದರೆ ಅಲುಗಾಟ.

• ಅಕ್ಷರ ದಪ್ಪವಾಗಿದೆಯೋ, ಸಣ್ಣಗಾಗಿದೆಯೋ? ಡಬಲ್ಡ್ ಡೈನಲ್ಲಿ ಅಕ್ಷರ ಅಗಲವಾಗುತ್ತದೆ. ಅಲುಗಿದ ಅಚ್ಚು ಅಕ್ಷರದ ಪಕ್ಕವನ್ನು ಹೆರೆದುಹಾಕುವುದರಿಂದ ಅದು ತೆಳ್ಳಗಾಗುತ್ತದೆ.

• ಅಕ್ಷರದ ಮೂಲೆಗಳಲ್ಲಿ ಸೀಳು ಇದೆಯೇ? ಎರಡು ಚಿತ್ರ ಒಂದರ ಮೇಲೊಂದು ಕೂತಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಅಲುಗಾಟದಲ್ಲಿ ಅದು ಇರುವುದಿಲ್ಲ.

ಇನ್ನೊಂದು ಮಾತು. ಭಾರತದ ನಾಣ್ಯದಲ್ಲಿ ಇಸವಿಯ ಕೆಳಗಿನ ಚುಕ್ಕೆ, ನಕ್ಷತ್ರ, ವಜ್ರಾಕೃತಿ ತಪ್ಪುಗಳಲ್ಲ. ಚುಕ್ಕೆ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದು, ವಜ್ರ ಮುಂಬಯಿಯದು. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಾಣ್ಯ ಎಲ್ಲಿ ಹುಟ್ಟಿತು ಎಂದು ಮಗುವೇ ಪತ್ತೆಹಚ್ಚಲಿ.

ಅಭ್ಯಾಸಕ್ಕೆ ಸ್ವೀಡನ್ನಿನ ಹಳೆಯ 1 ಮತ್ತು 5 ಕ್ರೋನಾ ನಾಣ್ಯಗಳು ಒಳ್ಳೆಯವು. 2017ರ ಜೂನ್ 30ರ ನಂತರ ಅವು ಅಂಗಡಿಯಲ್ಲಿ ನಡೆಯುವುದಿಲ್ಲ, ಆದ್ದರಿಂದ ಡಬ್ಬಿಗಳಲ್ಲಿ ಬಿದ್ದಿರುತ್ತವೆ. ಒಂದು ಎಚ್ಚರ: ಹುಣಸೆಹಣ್ಣು ಹಚ್ಚಿ ತಿಕ್ಕಲು ಬಿಡಬೇಡಿ. ಅಜ್ಜಿಯ ಹಿತ್ತಾಳೆ ಪಾತ್ರೆಗೆ ಅದು ಸರಿ. ನಾಣ್ಯಕ್ಕೆ ಬೆಲೆ ಇದ್ದರೆ ಅದೂ ತೊಳೆದುಹೋಗುತ್ತದೆ.

ಊರಿನ ಹಿರಿಯರಿಗೂ ಹೇಳಿ

ಈ ಪಾಠ ಮಕ್ಕಳಿಗಷ್ಟೇ ಅಲ್ಲ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಸಂದೇಶ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಹಳೆಯ ನಾಣ್ಯ, ನೋಟು ಕೊಳ್ಳುವ ನೆಪದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ. ಅಂಥ ವ್ಯವಹಾರ ತಾನು ನಡೆಸುವುದೇ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮನೆಯಲ್ಲಿ ಒಬ್ಬರೇ ಇರುವ ಅಪ್ಪನಿಗೋ ಅತ್ತೆಗೋ ಅಂಥ ಕರೆ ಬಂದರೆ ಪಕ್ಕದಲ್ಲಿ ನಾವಿರುವುದಿಲ್ಲ. ಈ ವಾರದ ವಿಡಿಯೊ ಕರೆಯಲ್ಲೇ ಹೇಳಿಬಿಡಿ: ಕೊಳ್ಳುವವನು ದುಡ್ಡು ಕೊಡುತ್ತಾನೆ, ಮೊದಲು ಕೇಳುವುದಿಲ್ಲ.

ಇನ್ನು ಮಗುವಿನ ನಾಣ್ಯ ಬರೀ ಅಲುಗಾಟದ್ದು ಎಂದು ತಿಳಿದರೆ? ಮುಖ ಸಪ್ಪಗಾಗಬಹುದು. "ಬಿಡು, ಎಸಿ" ಎನ್ನಬೇಡಿ. ಅದನ್ನೊಂದು ಕಾಗದದ ಲಕೋಟೆಯಲ್ಲಿ ಹಾಕಿಸಿ, ಮೇಲೆ "ಅಚ್ಚು ಅಲುಗಿದೆ" ಎಂದು ಮಗುವಿನ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಮುಂದೊಮ್ಮೆ ನಿಜವಾದದ್ದು ಸಿಕ್ಕರೆ, ಪಕ್ಕದಲ್ಲಿಟ್ಟು ಹೋಲಿಸಲು ಇದೇ ಬೇಕಾಗುತ್ತದೆ.