ಗಲ್ಲಾಪೆಟ್ಟಿಗೆಯ ಮುಂದೆ ರಸೀದಿ ಪುಸ್ತಕ

ಬೆಂಗಳೂರಿನಿಂದ ತುಮಕೂರಿಗೆ ಹೋಗುವವರಿಗೆ ಕ್ಯಾತ್ಸಂದ್ರ ಬಂತೆಂದರೆ ನೆನಪಾಗುವುದು ಎರಡು. ಒಂದು ತಟ್ಟೆ ಇಡ್ಲಿ, ಇನ್ನೊಂದು ಸಿದ್ಧಗಂಗಾ ಮಠ. ಎರಡೂ ಹೊಟ್ಟೆಗೆ ಸಂಬಂಧಿಸಿದವೇ. ಒಂದು ಕಡೆ ದುಡ್ಡು ಕೊಟ್ಟು ತಿನ್ನಬೇಕು, ಇನ್ನೊಂದು ಕಡೆ ಹಸಿದು ಹೋದರೆ ಸಾಕು. ಇಡ್ಲಿ ಮಾರುವ ಪುಟ್ಟ ಹೋಟೆಲೂ ಸಾವಿರಾರು ಮಕ್ಕಳಿಗೆ ಉಚಿತವಾಗಿ ಉಣಿಸುವ ಮಠವೂ ಇಷ್ಟು ಹತ್ತಿರದಲ್ಲಿರುವ ಊರಿನಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಲಾಭಕ್ಕಾಗಿ ಬಾಗಿಲು ತೆರೆದ ಅಂಗಡಿಗೂ ಅದು ನಿಂತಿರುವ ಊರಿಗೂ ವ್ಯಾಪಾರದಾಚೆಗೆ ಏನು ಸಂಬಂಧ?

ದೊಡ್ಡ ಕಂಪೆನಿಗಳ ಮಟ್ಟಿಗೆ ಕಾನೂನೇ ಉತ್ತರ ಹೇಳಿದೆ. 2013ರ ಕಂಪೆನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭವೋ 500 ಕೋಟಿ ನಿವ್ವಳ ಮೌಲ್ಯವೋ 1000 ಕೋಟಿ ವಹಿವಾಟೋ ಇರುವ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ದಿನಸಿ ಅಂಗಡಿಗೆ, ಸೈಕಲ್ ಶಾಪಿಗೆ, ದರ್ಜಿಯ ಮಳಿಗೆಗೆ ಇಂಥ ಕಟ್ಟುಪಾಡಿಲ್ಲ. ಆದರೂ ಹಬ್ಬ ಹತ್ತಿರವಾದಾಗ ರಸೀದಿ ಪುಸ್ತಕ ಮೊದಲು ಬರುವುದು ಅವರ ಗಲ್ಲಾಪೆಟ್ಟಿಗೆಯ ಮುಂದಕ್ಕೇ.

ಈ ರೂಢಿ ಇಂದು ನಿನ್ನೆಯದಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಕರ್ನಾಟಕದಲ್ಲೂ ಅದರಾಚೆಗೂ ವ್ಯಾಪಾರ ನಡೆಸುತ್ತಿದ್ದ ಕಾಲದ ಶಾಸನಗಳನ್ನು ನೋಡಿದರೆ, ವ್ಯಾಪಾರಿಗಳ ದತ್ತಿ ಬರೀ ಹೊನ್ನಿನ ಲೆಕ್ಕದಲ್ಲಿ ಇರಲಿಲ್ಲ. ಅಡಿಕೆ, ಮೆಣಸು, ವೀಳ್ಯದೆಲೆಯ ಹೇರಿಗೆ ಇಷ್ಟಿಷ್ಟು ಎಂದು ಬಿಡುತ್ತಿದ್ದರು. ಗಾಣದವರು ದೇವರ ದೀಪಕ್ಕೆ ಎಣ್ಣೆ ಕೊಡುತ್ತಿದ್ದರು. ಯಾರ ಕೈಯಲ್ಲಿ ಏನು ಇದೆಯೋ ಅದರಲ್ಲೇ ಪಾಲು.

ಇದರ ಹಿಂದೆ ಭಕ್ತಿಯ ಜೊತೆಗೆ ಒಂದು ವ್ಯಾಪಾರದ ಲೆಕ್ಕವೂ ಇದೆ. ತೊಂಬತ್ತು ರೂಪಾಯಿಗೆ ತಂದು ನೂರಕ್ಕೆ ಮಾರುವ ಬೇಳೆಯನ್ನು ಅಂಗಡಿಯವನು ದಾನ ಕೊಟ್ಟರೆ ಅವನ ಕೈಯಿಂದ ಹೋಗುವುದು ತೊಂಬತ್ತು, ಪಡೆದವನಿಗೆ ಉಳಿಯುವುದು ನೂರು. ಮದುವೆ ಮನೆಗೆ ಹೋಟೆಲಿನವನು ಮಧ್ಯಾಹ್ನ ಖಾಲಿ ಇರುವ ಇಡ್ಲಿ ಪಾತ್ರೆ ಕೊಟ್ಟರೆ ಅವನಿಗೆ ಹೆಚ್ಚು ಖರ್ಚೇ ಇಲ್ಲ, ಪಡೆದವರಿಗೆ ಬಾಡಿಗೆ ಉಳಿಯಿತು. ದರ್ಜಿಯ ಹೊಲಿಗೆ, ಸೈಕಲ್ ಶಾಪಿನ ಪಂಪು, ಬೇಸಿಗೆಯಲ್ಲಿ ಅಂಗಡಿ ಮುಂದೆ ಇಡುವ ಅರವಟ್ಟಿಗೆಯ ನೀರು, ಎಲ್ಲಕ್ಕೂ ಇದೇ ಸೂತ್ರ. ಸಣ್ಣ ವ್ಯಾಪಾರಿಯ ಹತ್ತಿರ ನಗದು ಯಾವಾಗಲೂ ಕಡಿಮೆ. ಸರಕು, ಸಾಮಾನು, ಕೈಚಳಕ ಮಾತ್ರ ಸದಾ ಉಂಟು. ಅವನಿಂದ ನಗದು ಕೇಳುವ ಸಮಿತಿಗಳು ಇದನ್ನು ಯಾಕೆ ಯೋಚಿಸುವುದಿಲ್ಲವೋ.

ಸಿದ್ಧಗಂಗೆಯ ದಾಸೋಹವೂ ಬೆಳೆದದ್ದು ಹೀಗೆಯೇ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಆರಂಭದ ಕಷ್ಟದ ವರ್ಷಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆಯಾಗಿ ಧಾನ್ಯ ತಂದರು. ಒಂದು ದೊಡ್ಡ ಚೆಕ್ಕಿನಿಂದ ಹೊತ್ತಿದ ಒಲೆಯಲ್ಲ ಅದು. ಸೇರು, ಪಡಿಗಳಲ್ಲಿ ಬಂದ ರಾಗಿ, ಅಕ್ಕಿ, ಬೇಳೆಯಿಂದ ಹೊತ್ತಿದ್ದು. 2019ರ ಜನವರಿ 21ರಂದು ಸ್ವಾಮೀಜಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆ ಸುದ್ದಿಯನ್ನು ಹೊರಗೆ ಹೇಳಿದ್ದು ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ.

ದಾಸೋಹ ಎಂಬ ಮಾತು ಕಾಯಕದ ಜೊತೆಯಲ್ಲೇ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿ ಬಂದುದರಲ್ಲಿ ದಾಸೋಹ ಮಾಡಿದವನು. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ವಾಪಸು ಸುರಿದು ಬರಲು ಹೇಳಿದಳು ಎಂಬ ಕಥೆ ಮನೆಮಾತು. ದಾನಕ್ಕೂ ಒಂದು ಅಳತೆ ಬೇಕು, ಅದು ದುಡಿಮೆಗೆ ತಕ್ಕದ್ದಾಗಿರಬೇಕು ಎಂಬ ಈ ನಿಲುವು ಸಣ್ಣ ವ್ಯಾಪಾರಿಗೆ ಹೇಳಿ ಮಾಡಿಸಿದಂತಿದೆ. ಒಂದೇ ಜಾತ್ರೆಗೆ ಸಾಲ ಮಾಡಿ ಕೊಟ್ಟು ಮರುವರ್ಷ ಅಂಗಡಿ ಮುಚ್ಚಿದರೆ ಊರಿಗೆ ನಷ್ಟವೇ.

ಅಳತೆ ತಪ್ಪುವುದಕ್ಕಿಂತ ಕೆಟ್ಟದ್ದೂ ಒಂದಿದೆ. ಹಳೆಯ ಮಂಡಿಗಳ ಲೆಕ್ಕದಲ್ಲಿ 'ಧರ್ಮ' ಎಂಬ ಬಾಬತ್ತು ಇರುತ್ತಿತ್ತು. ಮೂಟೆಗೆ ಇಷ್ಟೆಂದು ತೆಗೆದಿಟ್ಟು ಗುಡಿಗೆ, ಛತ್ರಕ್ಕೆ, ಗೋಶಾಲೆಗೆ ಕೊಡುವುದು ಪದ್ಧತಿ. ಕೇಳಲು ಚೆನ್ನ. ಆದರೆ ಎಷ್ಟೋ ಕಡೆ ಅದನ್ನು ಮುರಿದುಕೊಳ್ಳುತ್ತಿದ್ದುದು ಮಾಲು ತಂದ ರೈತನ ಹಣದಿಂದ. ಹೆಸರು ವರ್ತಕನದು, ದುಡ್ಡು ರೈತನದು. ಇಂಥ ಅನಧಿಕೃತ ಕಡಿತಗಳನ್ನು ತಡೆಯುವುದೂ ಕೃಷಿ ಮಾರುಕಟ್ಟೆ ಕಾನೂನುಗಳ ಉದ್ದೇಶಗಳಲ್ಲಿ ಒಂದಾಯಿತು. ನಮ್ಮಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದಿತು. ಕೊಡುವವನು ತನ್ನ ಲಾಭದಿಂದ ಕೊಡಬೇಕು, ತೂಕದಲ್ಲಿ ಹೊಡೆದು ಹುಂಡಿಗೆ ಹಾಕುವುದು ದಾನವಲ್ಲ.

ತನ್ನದನ್ನೇ ಕೊಟ್ಟವರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಪಕ್ಕದ ಗುಬ್ಬಿಯಿಂದ ಬೆಂಗಳೂರಿಗೆ ಹೋಗಿ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು (1838-1910) ಮಕ್ಕಳಿಲ್ಲದ ತಮ್ಮ ಆಸ್ತಿಯನ್ನು ಧರ್ಮಕಾರ್ಯಕ್ಕೆ ಬಿಟ್ಟರು. ಬೆಂಗಳೂರು ರೈಲು ನಿಲ್ದಾಣದ ಎದುರು 1903ರಲ್ಲಿ ಆರಂಭವಾದ ಅವರ ಛತ್ರ, ವಿದ್ಯಾರ್ಥಿನಿಲಯ ಹಳ್ಳಿಯಿಂದ ಬಂದ ಎಷ್ಟು ಮಂದಿಗೆ ತಲೆ ಮೇಲೆ ಸೂರಾದವೋ. ರೈಲಿಳಿದವನಿಗೆ ಮೊದಲು ಬೇಕಾಗುವುದು ತಂಗಲು ಜಾಗ ಎಂಬುದು, ತಾನೇ ಊರು ಬಿಟ್ಟು ಬಂದ ವ್ಯಾಪಾರಿಗೆ ಚೆನ್ನಾಗಿ ಗೊತ್ತಿರಬೇಕು.

ಎಲ್ಲರೂ ತೋಟದಪ್ಪನವರಾಗಲಾರರು. ಬೀದಿಯ ಅಂಗಡಿಯವರು ಊರಿಗೆ ಮಾಡುವ ದೊಡ್ಡ ಉಪಕಾರ ಯಾವ ಫಲಕದ ಮೇಲೂ ಇರುವುದಿಲ್ಲ. ಅದು ಉದ್ದರಿ ಪುಸ್ತಕದೊಳಗೆ ಇರುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಕೂಲಿ ನಿಂತ ಮನೆಗಳಿಗೆ ಅಕ್ಕಿ, ಎಣ್ಣೆ ಸಿಕ್ಕಿದ್ದು ಎಷ್ಟೋ ಕಡೆ ಈ ಪುಸ್ತಕದ ಬಲದಿಂದಲೇ. ಮುಖ ನೋಡಿ ಸಾಲ ಕೊಡಲು ಮುಖ ಗೊತ್ತಿರಬೇಕು. ಮೊಬೈಲಿನಲ್ಲಿ ಆರ್ಡರು ಪಡೆದು ಮನೆ ಬಾಗಿಲಿಗೆ ಸಾಮಾನು ಕಳಿಸುವ ಕಂಪೆನಿಗೆ, ಈ ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾನೆ, ಮುಂದಿನ ತಿಂಗಳು ಕೊಡುತ್ತಾನೆ ಎಂಬುದು ತಿಳಿಯುವ ಬಗೆಯೇ ಇಲ್ಲ.

ಇಲ್ಲೇ ಊರಿನವರ ಕಡೆಯ ತಪ್ಪೂ ಕಾಣುತ್ತದೆ. ತಿಂಗಳ ಸಾಮಾನನ್ನು ಊರಾಚೆಯ ದೊಡ್ಡ ಮಳಿಗೆಯಿಂದಲೋ ಮೊಬೈಲಿನಿಂದಲೋ ತರಿಸಿಕೊಂಡು, ಕಡೆ ಗಳಿಗೆಯಲ್ಲಿ ಮುಗಿದ ಬೆಂಕಿಪೆಟ್ಟಿಗೆಗೆ, ಹಾಲಿಗೆ ಮಾತ್ರ ಮೂಲೆಯ ಅಂಗಡಿಗೆ ಹೋಗುತ್ತೇವೆ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಐನೂರು ಬರೆಯಿರಿ ಎಂದು ಅದೇ ಅಂಗಡಿಯ ಮುಂದೆ ನಿಲ್ಲುತ್ತೇವೆ. ಕಡಿಮೆ ಕೊಟ್ಟರೆ ಮುಖ ಗಂಟಿಕ್ಕಿಕೊಳ್ಳುತ್ತೇವೆ. ಹಬ್ಬ ಮುಗಿದ ಮೇಲೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕವನ್ನು ಪೆಂಡಾಲಿನ ಕಂಬಕ್ಕೆ ಅಂಟಿಸುವ ಸಮಿತಿಗಳು ಇಲ್ಲವೆಂದಲ್ಲ, ವಿರಳ. ಹಾಗೆ ಅಂಟಿಸಿದ ಕಡೆ ಮರುವರ್ಷ ಅಂಗಡಿಯವರು ಕೇಳುವ ಮೊದಲೇ ಎಣ್ಣೆ ಡಬ್ಬ ಕಳಿಸಿದರೆ ಆಶ್ಚರ್ಯವೇನಿಲ್ಲ.