ಕೋಲಾರ ಸೀಮೆಯ ಕೆರೆಯಂಗಳ ಮತ್ತು ಚಳಿಗಾಲದ ಹಕ್ಕಿಗಳು

ಕೋಲಾರ ಜಿಲ್ಲೆಗೆ ಕಡಲತೀರವಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಘ್ನಿಗಳು ಮಳೆಯನ್ನೇ ನಂಬಿದ ಹೊಳೆಗಳು. ಈ ಕೊರತೆಯನ್ನು ತುಂಬಿದ್ದು ಕೆರೆಗಳು. 2007ರಲ್ಲಿ ಚಿಕ್ಕಬಳ್ಳಾಪುರ ಬೇರ್ಪಡುವ ಮುನ್ನ ಅವಿಭಜಿತ ಜಿಲ್ಲೆಯಲ್ಲಿ ಅವುಗಳ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿತ್ತು. ಬೇಸಾಯಕ್ಕೆಂದು ಕಟ್ಟಿದ ಈ ಕೆರೆಗಳ ಅಂಗಳವೇ ಉತ್ತರದ ಶೀತಪ್ರದೇಶಗಳಿಂದ ಬರುವ ಹಕ್ಕಿಗಳಿಗೆ ತೀರವಾಗಿ ಒದಗಿತು. ಈ ಹಕ್ಕಿಗಳ ಬದುಕನ್ನು ನಿರ್ಧರಿಸುವುದು ಕೆರೆಯಲ್ಲಿರುವ ನೀರು ಮಾತ್ರವಲ್ಲ, ಆ ನೀರು ಇಳಿಯುವ ಕ್ರಮವೂ ಹೌದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಕೆರೆಗಳು ತುಂಬುವ ಹೊತ್ತಿಗೇ ವಲಸೆ ಹಕ್ಕಿಗಳೂ ಬರತೊಡಗುತ್ತವೆ. ಬಳಿಕ ಮಾರ್ಚಿಯವರೆಗೆ ತೂಬಿನಿಂದ ಅಚ್ಚುಕಟ್ಟಿಗೆ ಹರಿಯುವುದರಿಂದಲೂ ಬಿಸಿಲಿಗೆ ಆವಿಯಾಗುವುದರಿಂದಲೂ ನೀರು ಹಿಂದೆ ಸರಿಯುತ್ತದೆ. ಹೀಗೆ ಸರಿದಂತೆಲ್ಲ ಹುಳು, ಬಸವನಹುಳು, ಜೊಂಡಿನ ಬೀಜಗಳಿಂದ ಕೂಡಿದ ಕೆಸರಂಚು ಹೊಸದಾಗಿ ತೆರೆದುಕೊಳ್ಳುತ್ತದೆ.

ನೀರಿನ ಆಳಕ್ಕನುಗುಣವಾಗಿ ಹಕ್ಕಿಗಳು ಕೆರೆಯನ್ನು ಹಂಚಿಕೊಳ್ಳುತ್ತವೆ. ಒದ್ದೆ ಕೆಸರಿನಲ್ಲಿ ಗದ್ದೆಗೊರವಗಳೂ ಸಿಪಿಲೆಗಳೂ ಮೇಯುತ್ತವೆ. ಗೇಣುದ್ದದ ನೀರಿನಲ್ಲಿ ಸ್ಥಳೀಯವಾದ ಮೆಟ್ಟುಗಾಲು ಹಕ್ಕಿ ನಡೆದಾಡುತ್ತದೆ. ಅದಕ್ಕಿಂತ ತುಸು ಆಳದಲ್ಲಿ ಸೂಜಿಬಾಲದ ಬಾತು ತಲೆಯನ್ನು ನೀರಿಗಿಳಿಸಿ, ಬಾಲವನ್ನು ಮೇಲೆತ್ತಿ ಆಹಾರ ಹುಡುಕುತ್ತದೆ. ಚಮಚ ಕೊಕ್ಕಿನ ಬಾತು ನೀರಿನ ಮೇಲ್ಪದರವನ್ನೇ ಸೋಸಿ ತಿನ್ನುತ್ತದೆ. ಮುಳುಗಿ ಮೇಯುವ ನಾಮದ ಕೋಳಿ, ಗುಳುಮುಳುಕ, ನೀರುಕಾಗೆಗಳಿಗೆ ಆಳದ ನೀರೂ ಸಲ್ಲುತ್ತದೆ. ಆದುದರಿಂದ ಏರಿಯ ಬುಡದ ಆಳದಿಂದ ಅಂಗಳದ ಹುಲ್ಲಿನವರೆಗೆ ಸಹಜ ಇಳಿಜಾರಿರುವ ಕೆರೆಯಲ್ಲಿ ಹಕ್ಕಿಗಳ ವೈವಿಧ್ಯ ಹೆಚ್ಚು.

ಕೆರೆಯ ಆಚೆಗಿನ ಬಯಲೂ ಇದೇ ವ್ಯವಸ್ಥೆಯ ಭಾಗ. ರಾಗಿ ಕೊಯ್ಲಾದ ಹೊಲಗಳಲ್ಲಿ ಸಿಪಿಲೆಗಳು ಹುಳು ಆಯುತ್ತವೆ. ಜೊಂಡಿನ ಮೇಲೆ ತಗ್ಗಿ ಹಾರುತ್ತ ಜೌಗು ಸೆಳೆವ ಬೇಟೆಯಾಡುತ್ತದೆ. ಮುತ್ತುಗ, ಬೂರುಗಗಳು ಹೂಬಿಟ್ಟಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿಯುತ್ತದೆ. ಹೊಲಗಳು ನೀಲಗಿರಿ ತೋಪುಗಳಾದೆಡೆ ಈ ಮೇವಿನ ನೆಲೆ ಕುಗ್ಗಿತು.

ದೀರ್ಘಕಾಲದ ಬರ, ಹೂಳು, ಒತ್ತುವರಿ, ಅಂಗಳವನ್ನು ಆವರಿಸಿದ ಜಾಲಿ ಇವುಗಳಿಂದ ಅನೇಕ ಕೆರೆಗಳು ಬತ್ತಿದ್ದವು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ತ್ಯಾಜ್ಯನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯಡಿ 2018ರ ಜೂನ್‌ನಲ್ಲಿ ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಮರುತಿಂಗಳೇ ನೊರೆ ಕಾಣಿಸಿಕೊಂಡು ನೀರಿನ ಗುಣಮಟ್ಟದ ಪ್ರಶ್ನೆ ನ್ಯಾಯಾಲಯವನ್ನು ಮುಟ್ಟಿತು. ಅಂತರ್ಜಲಕ್ಕಾಗಿ ಕಾದಿದ್ದ ರೈತನಿಗೆ ಈ ನೀರಿನ ಬೆಲೆಯೇನೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಕ್ಕಿಗಳ ದೃಷ್ಟಿಯಿಂದ ಎರಡು ಅಂಶಗಳು ವಿಚಾರಾರ್ಹ. ಹೊರಗಿನಿಂದ ಸತತವಾಗಿ ನೀರು ಬರುವ ಕೆರೆಯಲ್ಲಿ ಮಟ್ಟ ಇಳಿಯದೆ ಕೆಸರಂಚು ತೆರೆಯುವುದಿಲ್ಲ. ಆಳವನ್ನು ಬಯಸುವ ಹಕ್ಕಿಗಳಿಗೆ ಅನುಕೂಲವಾದರೂ ಗೊರವಗಳಿಗೆ ನೆಲೆ ತಪ್ಪುತ್ತದೆ. ತ್ಯಾಜ್ಯನೀರಿನಲ್ಲಿ ಉಳಿಯುವ ಸಾರಜನಕ, ರಂಜಕಗಳು ಪಾಚಿಯನ್ನೂ ಅಂತರಗಂಗೆಯಂತಹ ಕಳೆಯನ್ನೂ ಪೋಷಿಸಿ ತೆರೆದ ನೀರನ್ನು ಮುಚ್ಚಬಲ್ಲವು.

ಆದಕಾರಣ ತುಂಬಿದ ಕೆರೆಯೆಲ್ಲ ಹಕ್ಕಿಗಳಿಗೆ ಒಳ್ಳೆಯ ಕೆರೆಯೆಂದು ಭಾವಿಸುವುದು ಸರಿಯಲ್ಲ. 1987ರಿಂದ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಯ ಮಾದರಿಯಲ್ಲಿ ಇಲ್ಲಿ ಎಣಿಕೆ ಕೈಗೊಳ್ಳುವವರು ಹಕ್ಕಿಗಳ ಸಂಖ್ಯೆಯೊಡನೆ ನೀರಿನ ಮೂಲ, ಆಳ, ಕೆಸರಂಚಿನ ಅಗಲ, ಕಳೆಯ ಹರಹುಗಳನ್ನೂ ದಾಖಲಿಸಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ತಿಂಗಳಿಗೊಮ್ಮೆಯಾದರೂ ಒಂದೇ ಕೆರೆಯನ್ನು ಮರಳಿ ನೋಡಬೇಕು. ಮಳೆನೀರಿನ ಕೆರೆಯನ್ನೂ ಹೊರನೀರಿನ ಕೆರೆಯನ್ನೂ ಹೀಗೆ ಜೊತೆಯಿಟ್ಟು ನೋಡಿದಾಗ ಮಾತ್ರ, ನೀರು ಮರಳಿದ ಈ ನಾಡಿಗೆ ಯಾವ ಹಕ್ಕಿಗಳು ಮರಳಿದವು, ಯಾವುವು ಮರಳಲಿಲ್ಲ ಎಂಬುದಕ್ಕೆ ಆಧಾರಸಹಿತವಾದ ಉತ್ತರ ದೊರೆತೀತು.